ವಾನ್‌ಸ್ಟೆಡ್ ಎಂಬ ಊರೂ ಒಂದು ನಕ್ಷತ್ರವೂ

ಲಂಡನ್ ನಗರದ ನಡುಭಾಗದಿಂದ ನೆಲದಡಿಯ ರೈಲನ್ನೇರಿ ಈಶಾನ್ಯ ದಿಕ್ಕಿಗೆ ಸುಮಾರು ಅರ್ಧ ಗಂಟೆ ಪ್ರಯಾಣ ಮಾಡಿದರೆ ವಾನ್‌ಸ್ಟೆಡ್ ಎಂಬ ಉಪನಗರ ಸಿಕ್ಕುತ್ತದೆ. ಇಟ್ಟಿಗೆಯ ಮನೆಗಳ ಸಾಲು, ಒಂದು ಅಂಗಡಿ ಬೀದಿ, ಕೆರೆಗಳಿಂದ ಕೂಡಿದ ದೊಡ್ಡ ಉದ್ಯಾನ, ಅದರ ಮಗ್ಗುಲಲ್ಲಿ ಗಾಲ್ಫ್ ಮೈದಾನ. ಲಂಡನ್ನಿನ ಸುತ್ತ ಇಂಥ ಉಪನಗರಗಳು ಹತ್ತಾರು ಇವೆ. ಆದರೆ ಈ ಗಾಲ್ಫ್ ಮೈದಾನದಲ್ಲಿ ಹುಲ್ಲು ಬೆಳೆದ ವಿಶಾಲವಾದ ಒಂದು ತಗ್ಗು ಇದೆ. ಇಂಗ್ಲೆಂಡಿನ ಅತ್ಯಂತ ವೈಭವದ ಮಹಲುಗಳಲ್ಲೊಂದಾಗಿದ್ದ ವಾನ್‌ಸ್ಟೆಡ್ ಹೌಸ್ ಒಂದು ಕಾಲದಲ್ಲಿ ನಿಂತಿದ್ದ ಜಾಗ ಅದು.

ಆ ಮಹಲು ತನ್ನ ಪೂರ್ಣ ವೈಭವದಲ್ಲಿದ್ದ ಕಾಲದಲ್ಲಿಯೇ, ಅದೇ ಊರಿನ ಒಂದು ಸಣ್ಣ ಮನೆಯಲ್ಲಿ, ಛಾವಣಿಗೆ ಕೊರೆದ ಕಿಂಡಿಯ ಮೂಲಕ ನಕ್ಷತ್ರಗಳನ್ನು ನೋಡುತ್ತಿದ್ದ ಒಬ್ಬಾತನು ಭೂಮಿಯು ಸೂರ್ಯನ ಸುತ್ತ ಚಲಿಸುತ್ತಿದೆ ಎಂಬುದಕ್ಕೆ ಮೊದಲನೆಯ ನೇರವಾದ ಸಾಕ್ಷ್ಯವನ್ನು ಕಂಡುಹಿಡಿದನು. ಆತನ ಹೆಸರು ಜೇಮ್ಸ್ ಬ್ರಾಡ್ಲಿ. ಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಆತನಿಗೆ ಒಂದೆರಡು ಪಂಕ್ತಿಗಳು ದೊರೆಯುವುದುಂಟು. ಊರಿನ ಹೆಸರಂತೂ ದೊರೆಯುವುದೇ ಇಲ್ಲ. ಪಾಠ ಹೇಳುವ ನಾವೂ ಬಹುಕಾಲ ಆ ಊರನ್ನು ವಿಚಾರಿಸಿರಲಿಲ್ಲ. ವಿಚಾರಿಸಿದ ಮೇಲೆ, ಆ ದೊಡ್ಡ ಮನೆಯ ಕಥೆಯನ್ನು ಬಿಟ್ಟು ಈ ಸಣ್ಣ ಮನೆಯ ಕಥೆಯನ್ನು ಹೇಳುವುದು ಸರಿಯಲ್ಲವೆಂದು ತೋರಿತು.

ಕಂಪೆನಿಯ ಗವರ್ನರನ ಊರು

ವಾನ್‌ಸ್ಟೆಡ್ ಮೊದಲಿಗೆ ಎಸೆಕ್ಸ್ ಪ್ರಾಂತಕ್ಕೆ ಸೇರಿದ ಒಂದು ಹಳ್ಳಿ. ಒಂದು ಕಡೆ ಎಪ್ಪಿಂಗ್ ಅರಣ್ಯ, ಇನ್ನೊಂದು ಕಡೆ ರೋಡಿಂಗ್ ಎಂಬ ಸಣ್ಣ ನದಿ. ಬೇಟೆಗೆ ಅನುಕೂಲವಾಗಿದ್ದ ಈ ಜಹಗೀರನ್ನು ಏಳನೆಯ ಹೆನ್ರಿ ದೊರೆಯು 1499ರಲ್ಲಿ ಕೊಂಡುಕೊಂಡನು. 1553ರಲ್ಲಿ ಮೇರಿಯು ರಾಣಿಯಾಗಿ ಲಂಡನ್ನನ್ನು ಪ್ರವೇಶಿಸುವ ಮುನ್ನ ಇಲ್ಲಿ ತಂಗಿದ್ದಳು. 1578ರಲ್ಲಿ ಇದು ಎಲಿಜಬೆತ್ ರಾಣಿಯ ಅಚ್ಚುಮೆಚ್ಚಿನ ಸರದಾರನಾದ ಲೆಸ್ಟರ್ ಪ್ರಭುವಿನ ಕೈ ಸೇರಿತು. ರಾಜರಾಣಿಯರ ಈ ವೃತ್ತಾಂತ ನಮಗೆ ಇಷ್ಟು ಸಾಕು.

1673ರಲ್ಲಿ ಎಸ್ಟೇಟು ಜೊಸಾಯಾ ಚೈಲ್ಡ್ ಎಂಬ ವರ್ತಕನದಾಯಿತು. ಈ ಹೆಸರು ನಮ್ಮ ದೇಶದ ಇತಿಹಾಸಕ್ಕೂ ಸೇರಿದ್ದು. ಈಸ್ಟ್ ಇಂಡಿಯಾ ಕಂಪೆನಿಯಲ್ಲಿ ಅಪಾರ ಬಂಡವಾಳ ಹೂಡಿ, ಮುಂದೆ 1681ರಲ್ಲಿ ಅದರ ಗವರ್ನರ್ ಪದವಿಗೇರಿದ ಮನುಷ್ಯ ಈತ. ವ್ಯಾಪಾರದ ಜೊತೆಗೆ ಕತ್ತಿಯೂ ಇರಬೇಕೆಂಬುದು ಈತನ ನೀತಿ. 1686ರಲ್ಲಿ ಕಂಪೆನಿಯು ಮೊಗಲ್ ಚಕ್ರವರ್ತಿ ಔರಂಗಜೇಬನ ಮೇಲೆಯೇ ಯುದ್ಧ ಹೂಡಿತು. ನಾಲ್ಕು ವರ್ಷಗಳ ತರುವಾಯ, ಮುಂಬಯಿಯೇ ಮುತ್ತಿಗೆಗೆ ಸಿಕ್ಕಿ, ಕ್ಷಮೆ ಬೇಡಿ, ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತು, ಅದು ತನ್ನ ವ್ಯಾಪಾರದ ಹಕ್ಕುಗಳನ್ನು ಮರಳಿ ಪಡೆಯಬೇಕಾಯಿತು. ಚೈಲ್ಡನ ಸ್ವಂತ ಐಶ್ವರ್ಯಕ್ಕೆ ಇದರಿಂದ ಕುಂದು ಬಂದಂತಿಲ್ಲ. ದಿನಚರಿಗಾಗಿ ಪ್ರಸಿದ್ಧನಾದ ಜಾನ್ ಎವ್ಲಿನ್ ಎಂಬಾತನು 1683ರಲ್ಲಿ ವಾನ್‌ಸ್ಟೆಡ್‌ಗೆ ಬಂದವನು, ಆಕ್ರೋಟು ಮರಗಳನ್ನು ನೆಡಿಸುವುದಕ್ಕೂ ಮೀನುಕೊಳಗಳನ್ನು ತೋಡಿಸುವುದಕ್ಕೂ ಅಲ್ಲಿ ಸುರಿದಿದ್ದ ಹಣವನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ.

ವರ್ತಕರಿಗೆ ಹಳ್ಳಿಯ ಮೇಲೆ ಇಷ್ಟು ಪ್ರೀತಿ ಏಕೆಂದು ಕೇಳಬಹುದು. ಆ ಕಾಲದ ಇಂಗ್ಲೆಂಡಿನಲ್ಲಿ ಹಣವಿದ್ದ ಮಾತ್ರಕ್ಕೆ ಮನುಷ್ಯನು ಗಣ್ಯನೆನಿಸುತ್ತಿರಲಿಲ್ಲ, ಭೂಮಿಯಿರಬೇಕಾಗಿತ್ತು. ಆದರೆ ಲಂಡನ್ನಿನ ವ್ಯಾಪಾರದ ಕೇಂದ್ರದಿಂದ ದೂರ ಹೋಗುವಂತೆಯೂ ಇರಲಿಲ್ಲ. ಹೀಗಾಗಿ ಕುದುರೆಗಾಡಿಯಲ್ಲಿ ಹೊರಟರೆ ಒಂದೆರಡು ಗಂಟೆಗಳಲ್ಲಿ ಪೇಟೆ ಸೇರಬಹುದಾದ ಹಳ್ಳಿಗಳಲ್ಲೆಲ್ಲ ಅವರ ಮಹಲುಗಳು ಎದ್ದವು. ಇಂದು ಲಂಡನ್ನಿನ ಉಪನಗರಗಳಲ್ಲಿ ಕಾಣುವ ಅನೇಕ ಉದ್ಯಾನಗಳೂ ಕೊಳಗಳೂ ಬೀದಿಯ ಹೆಸರುಗಳೂ ಆ ಎಸ್ಟೇಟುಗಳ ಗುರುತುಗಳೇ.

ಜೊಸಾಯಾ 1699ರಲ್ಲಿ ತೀರಿಕೊಂಡನು. ಆತನ ಮಗ ರಿಚರ್ಡ್ ಚೈಲ್ಡ್ 1704ರಲ್ಲಿ ಎಸ್ಟೇಟಿಗೆ ಒಡೆಯನಾಗಿ, 1715ರಿಂದ ಮುಂದಕ್ಕೆ ಕೋಲಿನ್ ಕ್ಯಾಂಬೆಲ್ ಎಂಬ ಶಿಲ್ಪಿಯಿಂದ ಹೊಸ ಮಹಲನ್ನು ಕಟ್ಟಿಸಿದನು. ಮುಂಭಾಗ ಸುಮಾರು 260 ಅಡಿ ಉದ್ದ. ನಡುವೆ ಆರು ಎತ್ತರವಾದ ಕಂಬಗಳ ಮುಖಮಂಟಪ. ಪ್ರಾಚೀನ ರೋಮಿನ ದೇವಾಲಯವನ್ನು ಮನೆಗೆ ಅಂಟಿಸಿದಂತಿದ್ದ ಈ ರೀತಿಯನ್ನು ದೇಶದ ಸಿರಿವಂತರೆಲ್ಲ ಅನುಕರಿಸತೊಡಗಿದರು. ವಿಲಿಯಂ ಹೋಗಾರ್ತ್ ಎಂಬ ಪ್ರಸಿದ್ಧ ಚಿತ್ರಕಾರನು ಈ ಮನೆಯ ಸಭಾಂಗಣದಲ್ಲಿ ನೆರೆದ ಕುಟುಂಬವನ್ನೂ ಅತಿಥಿಗಳನ್ನೂ ಚಿತ್ರಿಸಿದ್ದಾನೆ. ಆ ಕೆಲಸವನ್ನು ಆತನಿಗೆ ಒಪ್ಪಿಸಿದ್ದು 1728ರಲ್ಲಿ. ಈ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು.

ಬೀದಿಯಿಂದ ಬಂದ ಕಂಬ

ಊರಿನ ಚರ್ಚಿಗೆ ಪಾದ್ರಿಯನ್ನು ಆರಿಸುವ ಹಕ್ಕು ಎಸ್ಟೇಟಿನ ಒಡೆಯನದಾಗಿತ್ತು. 1707ರಲ್ಲಿ ಆ ಹುದ್ದೆ ಜೇಮ್ಸ್ ಪೌಂಡ್ ಎಂಬಾತನಿಗೆ ದೊರೆಯಿತು. ಈತನ ಹಿಂದಿನ ಬಾಳು ಒಂದು ಕಾದಂಬರಿಗೆ ಸಾಕು. ಆಕ್ಸ್‌ಫರ್ಡಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಕಂಪೆನಿಯ ಪಾದ್ರಿಯಾಗಿ 1699ರಲ್ಲಿ ಮದರಾಸಿಗೆ ಹೊರಟು, ಅಲ್ಲಿಂದ ಚೀನಾ ತೀರಕ್ಕೂ, ಬಳಿಕ ಇಂದಿನ ವಿಯಟ್ನಾಮಿಗೆ ಸೇರಿದ ಪುಲೋ ಕಾಂಡೋರ್ ದ್ವೀಪಕ್ಕೂ ಹೋದನು. 1705ರ ಮಾರ್ಚಿಯಲ್ಲಿ ಆ ದ್ವೀಪದ ಕೋಟೆಯ ಸಿಪಾಯಿಗಳು ದಂಗೆಯೆದ್ದು ಇಂಗ್ಲಿಷರಲ್ಲಿ ಬಹುಮಂದಿಯನ್ನು ಕೊಂದರು. ಪೌಂಡನು ಕೆಲವರೊಡನೆ ಒಂದು ಸಣ್ಣ ಹಡಗಿನಲ್ಲಿ ತಪ್ಪಿಸಿಕೊಂಡು ಬಟೇವಿಯಾ ಸೇರಿದನು. ವರ್ಷಗಳ ಕಾಲ ಬರೆದಿಟ್ಟಿದ್ದ ಕಾಗದಪತ್ರಗಳೆಲ್ಲ ಅಲ್ಲಿಯೇ ನಾಶವಾದವು.

ವಾನ್‌ಸ್ಟೆಡ್ಡಿನ ನೆಮ್ಮದಿಯಲ್ಲಿ ಪೌಂಡನು ಖಗೋಳವೀಕ್ಷಣೆಯನ್ನು ಮತ್ತೆ ಹಿಡಿದನು. ಆತನ ಕೌಶಲವನ್ನರಿತ ರಾಯಲ್ ಸೊಸೈಟಿಯು ತನ್ನಲ್ಲಿದ್ದ ಒಂದು ಅಪೂರ್ವವಾದ ಮಸೂರವನ್ನು ಆತನಿಗೆ ಎರವಲು ಕೊಟ್ಟಿತು. ಹಾಲೆಂಡಿನ ಹೈಗೆನ್ಸ್ ಸೋದರರಲ್ಲಿ ಒಬ್ಬನಾದ ಕಾನ್‌ಸ್ಟಂಟೈನ್ ಉಡುಗೊರೆಯಾಗಿ ಕೊಟ್ಟಿದ್ದ ಆ ಮಸೂರದ ಸಂಗಮದೂರ 123 ಅಡಿ. ಅಂದರೆ ಸುಮಾರು 37 ಮೀಟರು!

ಇಷ್ಟು ಉದ್ದ ಏತಕ್ಕೆ? ಗಾಜು ಬೇರೆ ಬೇರೆ ಬಣ್ಣದ ಕಿರಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತದೆ. ಆದ್ದರಿಂದ ಒಂಟಿ ಮಸೂರದ ಬಿಂಬಕ್ಕೆ ಬಣ್ಣದ ಅಂಚು ತಪ್ಪಿದ್ದಲ್ಲ. ಮಸೂರದ ಅಗಲವನ್ನು ಹಾಗೆಯೇ ಇಟ್ಟು ಸಂಗಮದೂರವನ್ನು ಹೆಚ್ಚಿಸಿದರೆ ಬಿಂಬವು ದೊಡ್ಡದಾಗುತ್ತದೆ, ಬಣ್ಣದ ಮಸುಕು ಮಾತ್ರ ಇದ್ದಷ್ಟೇ ಇರುತ್ತದೆ. ಹೀಗೆ ದೂರದರ್ಶಕಗಳು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಹೋದವು. ಕೊನೆಗೆ 37 ಮೀಟರು ಉದ್ದದ ಕೊಳವೆಯನ್ನು ಮಾಡುವುದು ಅಸಾಧ್ಯವೆಂದು ಕೊಳವೆಯನ್ನೇ ಬಿಟ್ಟುಬಿಟ್ಟರು: ಮಸೂರವನ್ನು ಎತ್ತರವಾದ ಕಂಬದ ಮೇಲೆ ಕಟ್ಟುವುದು, ಕಣ್ಣಿನ ಮಸೂರವನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ನಿಂತುಕೊಳ್ಳುವುದು, ಎರಡಕ್ಕೂ ನಡುವೆ ಒಂದು ದಾರ. ಕತ್ತಲೆಯಲ್ಲಿ, ಗಾಳಿಯಲ್ಲಿ, ಈ ದಾರವನ್ನೆಳೆದು ಶನಿಗ್ರಹವನ್ನು ಹುಡುಕುವ ಸಾಹಸವನ್ನು ಓದುಗರೇ ಊಹಿಸಿಕೊಳ್ಳಬಹುದು.

ಕಂಬ ಸಿಕ್ಕಿದ್ದು ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಿಂದ. ಮೇ ತಿಂಗಳ ಹಬ್ಬದಲ್ಲಿ ಜನರು ಸುತ್ತ ಕುಣಿಯಲೆಂದು ನೆಟ್ಟಿದ್ದ, ನಮ್ಮ ಗರುಡಗಂಬವನ್ನು ನೆನಪಿಗೆ ತರುವ ಒಂದು ಭಾರಿ ಮರದ ಕಂಬವನ್ನು ಆಗ ತಾನೇ ಕಿತ್ತಿದ್ದರು. ಐಸಾಕ್ ನ್ಯೂಟನ್ನನು ಅದನ್ನು ಪೌಂಡನಿಗಾಗಿ ಸಂಪಾದಿಸಿಕೊಟ್ಟನು. ಚೈಲ್ಡನ ಉದ್ಯಾನದಲ್ಲಿ ಅದು ಮತ್ತೆ ನಿಂತಿತು. ಒಂದು ಕಡೆ ಕ್ಯಾಂಬೆಲ್ಲನ ಮಹಲು ಮೇಲೇಳುತ್ತಿದೆ. ಇನ್ನೊಂದು ಕಡೆ ಊರ ಪಾದ್ರಿಯು ಕಂಬದ ಕೆಳಗೆ ದಾರ ಹಿಡಿದು ನಿಂತಿದ್ದಾನೆ. ಆತನು ಅಳೆದ ಗುರು ಮತ್ತು ಶನಿ ಬಿಂಬಗಳ ವ್ಯಾಸಗಳನ್ನೂ ಅವುಗಳ ಉಪಗ್ರಹಗಳ ದೂರಗಳನ್ನೂ ನ್ಯೂಟನ್ನನು 1726ರ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದ ಮೂರನೆಯ ಮುದ್ರಣದಲ್ಲಿ ಬಳಸಿಕೊಂಡನು.

ಕ್ಯೂ ಹಳ್ಳಿಯ ಹೊಗೆಗೂಡು

ಈ ಪೌಂಡನ ಅಕ್ಕತಂಗಿಯರಲ್ಲಿ ಒಬ್ಬಳ ಮಗನೇ ಜೇಮ್ಸ್ ಬ್ರಾಡ್ಲಿ. 1693ರಲ್ಲಿ ಹುಟ್ಟಿದ ಈತನು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರೂ ಬೆಳೆದದ್ದೆಲ್ಲ ಸೋದರಮಾವನ ನೆರಳಿನಲ್ಲಿ. 1717ರಲ್ಲಿ ಈತನಿಗೆ ಸಿಡುಬು ತಗಲಿದಾಗ ಮಾವನೇ ಶುಶ್ರೂಷೆ ಮಾಡಿ ಉಳಿಸಿಕೊಂಡನು. ಕಾಲೇಜು ಕಲಿಸಿದ್ದಕ್ಕಿಂತ ಹೆಚ್ಚನ್ನು ವಾನ್‌ಸ್ಟೆಡ್ಡಿನ ಕಂಬ ಈತನಿಗೆ ಕಲಿಸಿತೆಂದರೆ ತಪ್ಪಾಗದು. 1721ರಲ್ಲಿ ಆಕ್ಸ್‌ಫರ್ಡಿನ ಖಗೋಳಶಾಸ್ತ್ರದ ಪ್ರಾಧ್ಯಾಪಕನಾದನು. 1724ರ ನವೆಂಬರಿನಲ್ಲಿ ಪೌಂಡನು ತೀರಿಕೊಂಡನು. ಪಾದ್ರಿಯ ಮನೆಯನ್ನು ಬಿಡಬೇಕಾಗಿ ಬಂದು, ಆತನ ವಿಧವೆ ಎಲಿಜಬೆತ್ ಅದೇ ಊರಿನ ಒಂದು ಚಿಕ್ಕ ಮನೆಗೆ ಹೋದಳು. ಬ್ರಾಡ್ಲಿಯ ಬಿಡಾರ ಆ ಅತ್ತೆಯ ಮನೆಯಲ್ಲಿಯೇ.

ಆಗ ಖಗೋಳಜ್ಞರನ್ನೆಲ್ಲ ಕಾಡುತ್ತಿದ್ದ ಪ್ರಶ್ನೆಯೊಂದಿತ್ತು. ಕೋಪರ್ನಿಕಸನ ಗ್ರಂಥ 1543ರಲ್ಲಿ ಪ್ರಕಟವಾಗಿತ್ತು. ಗೆಲಿಲಿಯೋ 1633ರಲ್ಲಿ ವಿಚಾರಣೆಗೆ ಗುರಿಯಾಗಿದ್ದನು. ನ್ಯೂಟನ್ನನ ಗುರುತ್ವ ನಿಯಮ ಎಲ್ಲರ ಮನ್ನಣೆ ಪಡೆಯುತ್ತಿತ್ತು. ಆದರೆ ಭೂಮಿ ಚಲಿಸುತ್ತಿದೆಯೆಂಬುದನ್ನು ಕಣ್ಣಾರೆ ತೋರಿಸಿದವರು ಯಾರೂ ಇರಲಿಲ್ಲ. ಭೂಮಿಯು ನಿಜವಾಗಿಯೂ ಸೂರ್ಯನನ್ನು ಸುತ್ತುತ್ತಿದ್ದರೆ, ಆರು ತಿಂಗಳ ಅಂತರದಲ್ಲಿ ನಾವು ಒಂದೇ ನಕ್ಷತ್ರವನ್ನು ಎರಡು ಬೇರೆ ಎಡೆಗಳಿಂದ ನೋಡುತ್ತೇವೆ. ಆಗ ನಕ್ಷತ್ರದ ಸ್ಥಾನ ಸ್ವಲ್ಪ ಬದಲಾಗಿ ಕಾಣಬೇಕು. ಮೂಗಿನ ಮುಂದೆ ಬೆರಳು ಹಿಡಿದು ಎಡಗಣ್ಣನ್ನೂ ಬಲಗಣ್ಣನ್ನೂ ಒಂದಾದ ಮೇಲೊಂದು ಮುಚ್ಚಿದರೆ ಬೆರಳು ಜಿಗಿದಂತೆ ಕಾಣುವುದಲ್ಲವೆ? ಅದೇ ತತ್ತ್ವ. ಇದಕ್ಕೆ ಲಂಬನವೆಂದು ಹೆಸರು. ಇದನ್ನು ಹುಡುಕಿ ಸೋತವರ ಪಟ್ಟಿ ದೊಡ್ಡದು. ರಾಬರ್ಟ್ ಹುಕ್ ಎಂಬಾತನು 1669ರಲ್ಲಿ ಮನೆಯ ಮಾಡಿನಲ್ಲಿ ತೂತು ಮಾಡಿ ನಾಲ್ಕು ಸಲ ನೋಡಿ, ಸಿಕ್ಕಿತೆಂದು ಸಾರಿದ್ದನು. ನಾಲ್ಕು ವೀಕ್ಷಣೆಗಳನ್ನು ನಂಬುವವರು ಯಾರು?

ಹುಕ್‌ನ ಪ್ರಯೋಗವನ್ನು ಸರಿಯಾಗಿ ಮಾಡಬೇಕೆಂದು ಹೊರಟವನು ಸ್ಯಾಮ್ಯುಯೆಲ್ ಮಾಲಿನೋ ಎಂಬ ಸಿರಿವಂತ. ಆತನ ಹೆಂಡತಿಯ ಕಡೆಯಿಂದ ಬಂದ ಎಸ್ಟೇಟು ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಡದ ಕ್ಯೂ ಎಂಬ ಹಳ್ಳಿಯಲ್ಲಿತ್ತು. ಇಂದಿನ ಪ್ರಸಿದ್ಧವಾದ ಸಸ್ಯೋದ್ಯಾನ ಇರುವುದು ಅಲ್ಲಿಯೇ. ಜಾರ್ಜ್ ಗ್ರಹಾಂ ಎಂಬ ಗಡಿಯಾರದ ಕುಶಲಕರ್ಮಿಯಿಂದ 24 ಅಡಿ ಉದ್ದದ ದೂರದರ್ಶಕವನ್ನು ಮಾಡಿಸಿ, ಮನೆಯ ಇಟ್ಟಿಗೆಯ ಹೊಗೆಗೂಡಿಗೆ ನೇರವಾಗಿ ಬಿಗಿದರು. ಅದು ನೆತ್ತಿಯ ಹತ್ತಿರದ ಒಂದು ತುಣುಕು ಆಕಾಶವನ್ನು ಮಾತ್ರ ನೋಡಬಲ್ಲುದು. ಅದೇ ಅದರ ಗುಣ: ನೆತ್ತಿಯ ಮೇಲಿನಿಂದ ಬರುವ ಬೆಳಕು ವಾಯುಮಂಡಲದಲ್ಲಿ ಬಾಗುವುದಿಲ್ಲ. ಡ್ರೇಕೋ, ಎಂದರೆ ಘಟಸರ್ಪ, ಎಂಬ ನಕ್ಷತ್ರಪುಂಜದ ಗ್ಯಾಮಾ ನಕ್ಷತ್ರವು ಲಂಡನ್ನಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಹುಕ್ ನೋಡಿದ್ದೂ ಅದನ್ನೇ.

ವೀಕ್ಷಣೆ 1725ರ ಡಿಸೆಂಬರ್ 3ರಂದು ಪ್ರಾರಂಭವಾಯಿತು. ಲಂಬನವಿದ್ದರೆ ಈ ನಕ್ಷತ್ರ ಡಿಸೆಂಬರಿನಲ್ಲಿ ದಕ್ಷಿಣದ ಕೊನೆಯಲ್ಲಿರಬೇಕು. ಕೆಲವು ವಾರ ಸ್ಥಾನ ಬದಲಿಸದೆ ನಿಂತಂತಿರಬೇಕು. ಆದ್ದರಿಂದ ಡಿಸೆಂಬರ್ 17ರಂದು ಮತ್ತೆ ನೋಡುವ ಅಗತ್ಯವೇ ಇರಲಿಲ್ಲ. ಬ್ರಾಡ್ಲಿ ಕುತೂಹಲಕ್ಕಾಗಿ ನೋಡಿದನು. ನಕ್ಷತ್ರ ಇನ್ನೂ ದಕ್ಷಿಣಕ್ಕೆ ಸರಿದಿತ್ತು! ಉಪಕರಣವನ್ನು ಶಂಕಿಸಿ ಪರೀಕ್ಷಿಸಿದರು, ದೋಷ ಕಾಣಲಿಲ್ಲ. ಮಾರ್ಚಿಯ ಹೊತ್ತಿಗೆ ಅದು ಸುಮಾರು 20 ವಿಕಲೆಗಳಷ್ಟು ದಕ್ಷಿಣಕ್ಕೆ ಹೋಗಿ, ಜೂನಿನಲ್ಲಿ ಮೊದಲಿನ ಸ್ಥಾನಕ್ಕೆ ಬಂದು, ಸೆಪ್ಟೆಂಬರಿನಲ್ಲಿ ಅಷ್ಟೇ ಉತ್ತರಕ್ಕೆ ಹೋಗಿ, ವರ್ಷ ತುಂಬುವಾಗ ಹೊರಟಲ್ಲಿಗೆ ಮರಳಿತು. ಒಂದು ಅಂಶದ 3600ನೆಯ ಒಂದು ಪಾಲೇ ವಿಕಲೆ. ಎರಡೂವರೆ ಸೆಂಟಿಮೀಟರಿನ ಒಂದು ನಾಣ್ಯವನ್ನು ಕಾಲು ಕಿಲೋಮೀಟರು ದೂರದಲ್ಲಿಟ್ಟು ನೋಡಿದರೆ ಅದರ ಅಗಲ ಸುಮಾರು 20 ವಿಕಲೆ. ಚಲನೆ ವರ್ಷಕ್ಕೊಮ್ಮೆ ಆವರ್ತಿಸುತ್ತದೆ, ನಿಜ. ಆದರೆ ಲಂಬನಕ್ಕಿಂತ ಸರಿಯಾಗಿ ಮೂರು ತಿಂಗಳು ಹೆಚ್ಚುಕಡಿಮೆ. ಭೂಮಿಯ ಅಕ್ಷವೇ ಅಲುಗುತ್ತಿದೆಯೆ? ಹಾಗಿದ್ದರೆ ಆಕಾಶದ ಎದುರು ಭಾಗದ ನಕ್ಷತ್ರವೂ ಅಷ್ಟೇ ಸರಿಯಬೇಕು. ಅಂಥದೊಂದನ್ನು ನೋಡಿದರು, ಅದು ಸರಿದದ್ದು ಅರ್ಧದಷ್ಟು. ವಾಯುಮಂಡಲದ ಆಕಾರ ಕೆಡುತ್ತಿದೆಯೆ? ಅದೂ ಹೊಂದಲಿಲ್ಲ.

ಅತ್ತೆಯ ಮನೆಯಲ್ಲಿ

ಕ್ಯೂ ಹಳ್ಳಿಯ ದೂರದರ್ಶಕ ಒಂದೆರಡು ನಕ್ಷತ್ರಗಳಿಗಷ್ಟೇ ಸಾಕಾಗುವಂಥದು. ಬ್ರಾಡ್ಲಿಯು ಗ್ರಹಾಮನಿಂದಲೇ ಹನ್ನೆರಡೂವರೆ ಅಡಿ ಉದ್ದದ ಮತ್ತೊಂದನ್ನು ಮಾಡಿಸಿದನು. ಉದ್ದ ಅರ್ಧವಾದರೂ ನೆತ್ತಿಯಿಂದ ಎರಡು ಕಡೆಗೂ ಆರೂಕಾಲು ಅಂಶದವರೆಗೆ ಓಲಬಲ್ಲುದಾಗಿದ್ದು, ಹೆಚ್ಚು ನಕ್ಷತ್ರಗಳು ಅದರ ಕಣ್ಣಿಗೆ ಬೀಳುತ್ತಿದ್ದವು. 1727ರ ಆಗಸ್ಟ್ 19ರಂದು ಅದನ್ನು ವಾನ್‌ಸ್ಟೆಡ್ಡಿನ ಅತ್ತೆಯ ಮನೆಯಲ್ಲಿ ಸ್ಥಾಪಿಸಿದನು. ತನ್ನ ಮನೆಯ ಮಾಡನ್ನು ಕೊರೆಯಲು ಒಪ್ಪಿದ ಆ ಹೆಂಗಸಿಗೆ ವಿಜ್ಞಾನದ ಇತಿಹಾಸದಲ್ಲಿ ಒಂದು ಸಾಲು ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಮಳೆ ಹೆಚ್ಚಿರುವ ದೇಶ ಅದು.

ವರ್ಷದೊಳಗೆ ನಿಯಮ ಹೊರಬಿದ್ದಿತು. ಯಾವ ನಕ್ಷತ್ರವೇ ಆಗಲಿ, ಅದು ಬೆಳಗಿನ ಅಥವಾ ಸಂಜೆಯ ಆರು ಗಂಟೆಗೆ ನೆತ್ತಿಯನ್ನು ದಾಟುವ ದಿನಗಳಲ್ಲಿ ಉತ್ತರದ ಅಥವಾ ದಕ್ಷಿಣದ ಕೊನೆಯಲ್ಲಿರುತ್ತದೆ. ನಿಯಮ ತಿಳಿದರೂ ಕಾರಣ ತಿಳಿಯಲಿಲ್ಲ. 1728ರ ಏಪ್ರಿಲಿನಲ್ಲಿ ಮಾಲಿನೋ ತೀರಿಕೊಂಡನು. ಉತ್ತರವನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಬ್ರಾಡ್ಲಿ ಥೇಮ್ಸ್ ನದಿಯಲ್ಲಿ ಹಾಯಿದೋಣಿಯ ವಿಹಾರ ಹೋಗಿದ್ದನಂತೆ. ದೋಣಿ ದಿಕ್ಕು ಬದಲಿಸಿದಾಗಲೆಲ್ಲ ಪಟಸ್ತಂಭದ ಮೇಲಿನ ಗಾಳಿಪಟ್ಟಿಯೂ ದಿಕ್ಕು ಬದಲಿಸುತ್ತಿತ್ತು. ಗಾಳಿ ಇಷ್ಟು ಸಲ ಹೇಗೆ ತಿರುಗುತ್ತದೆಂದು ಕೇಳಿದರೆ, ತಿರುಗುತ್ತಿರುವುದು ಗಾಳಿಯಲ್ಲ, ದೋಣಿ, ಎಂದು ನಾವಿಕರು ನಕ್ಕರಂತೆ. ಈ ಪ್ರಸಂಗ ಮುದ್ರಣದಲ್ಲಿ ಕಾಣುವುದು ಬಹುಕಾಲದ ಮೇಲೆ, 1812ರ ಒಂದು ಪುಸ್ತಕದಲ್ಲಿ. ಬ್ರಾಡ್ಲಿಯ ಸ್ವಂತ ಬರಹದಲ್ಲಿ ದೋಣಿಯ ಮಾತಿಲ್ಲ. ನ್ಯೂಟನ್ನನ ಸೇಬಿನಂತೆ ಇದನ್ನೂ ಅರ್ಧ ನಂಬೋಣ. ಏನೇ ಇರಲಿ, ಉತ್ತರ ಅದೇ.

ತರಗತಿಯಲ್ಲಿ ನಾವು ಕೊಡೆಯ ಉದಾಹರಣೆ ಕೊಡುವುದು ವಾಡಿಕೆ. ಗಾಳಿಯಿಲ್ಲದೆ ನೆಟ್ಟಗೆ ಮಳೆ ಸುರಿಯುತ್ತಿರುವಾಗ ನಿಂತವನು ಕೊಡೆಯನ್ನು ನೆಟ್ಟಗೆ ಹಿಡಿಯುತ್ತಾನೆ. ಓಡುವವನು ಮುಂದಕ್ಕೆ ಬಾಗಿಸುತ್ತಾನೆ. ಇಲ್ಲವಾದರೆ ಎದೆ ನೆನೆಯುತ್ತದೆ. ಓಟ ಹೆಚ್ಚಿದಷ್ಟೂ ಬಾಗು ಹೆಚ್ಚು. ನಕ್ಷತ್ರದ ಬೆಳಕೇ ಮಳೆ, ಭೂಮಿಯೇ ಓಡುವವನು, ದೂರದರ್ಶಕವೇ ಕೊಡೆ. ವಾನ್‌ಸ್ಟೆಡ್ಡಿನ ಹನ್ನೆರಡೂವರೆ ಅಡಿಯ ಕೊಳವೆಯಲ್ಲಿ ಮೇಲಿನ ಮಸೂರವನ್ನು ದಾಟಿದ ಬೆಳಕು ಕೆಳಗಿನ ತುದಿಯನ್ನು ಮುಟ್ಟುವುದಕ್ಕೆ ಒಂದು ಸೆಕೆಂಡಿನ ಸುಮಾರು ಎಂಟು ಕೋಟಿಯ ಒಂದು ಪಾಲು ಸಮಯ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 30 ಕಿಲೋಮೀಟರು ವೇಗದ ಭೂಮಿಯು ಕೊಳವೆಯನ್ನು ಎಷ್ಟು ದೂರ ಒಯ್ದಿರುತ್ತದೆ? ಲೆಕ್ಕ ಹಾಕಿದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ನಾಲ್ಕು ಪಾಲು ಬರುತ್ತದೆ. ಬೆಳಕು ಕೊಳವೆಯ ನಡುವೆಯೇ ಇಳಿಯಬೇಕಾದರೆ ಕೊಳವೆಯನ್ನು ಅಷ್ಟು ಮುಂದಕ್ಕೆ ಬಾಗಿಸಬೇಕು. ಮಾರ್ಚಿಯಲ್ಲಿ ಭೂಮಿ ಒಂದು ಕಡೆಗೆ ಓಡಿದರೆ ಸೆಪ್ಟೆಂಬರಿನಲ್ಲಿ ಅದರ ಎದುರು ಕಡೆಗೆ. ಆದ್ದರಿಂದ ನಕ್ಷತ್ರವೂ ಒಮ್ಮೆ ದಕ್ಷಿಣಕ್ಕೆ, ಒಮ್ಮೆ ಉತ್ತರಕ್ಕೆ. ಮೂರು ತಿಂಗಳ ವ್ಯತ್ಯಾಸದ ಗುಟ್ಟೂ ಇಲ್ಲಿದೆ. ಲಂಬನವು ಭೂಮಿಯ ಸ್ಥಾನವನ್ನು ಅವಲಂಬಿಸುತ್ತದೆ. ಈ ವಿಪಥನವು, ಎಂದರೆ ಬೆಳಕಿನ ದಿಕ್ಕು ತಪ್ಪಿದಂತೆ ತೋರುವಿಕೆಯು, ಭೂಮಿಯ ವೇಗದ ದಿಕ್ಕನ್ನು ಅವಲಂಬಿಸುತ್ತದೆ.

ಎಡ್ಮಂಡ್ ಹ್ಯಾಲಿಗೆ ಬರೆದ ಪತ್ರದ ರೂಪದಲ್ಲಿ ಬ್ರಾಡ್ಲಿಯ ಈ ಶೋಧವನ್ನು 1729ರ ಜನವರಿಯಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಭೂಮಿ ನಿಂತಿದ್ದರೆ ಈ ವಿಪಥನ ಇರುವಂತಿಲ್ಲ. ಕೋಪರ್ನಿಕಸನ ಗ್ರಂಥ ಹೊರಬಂದು 186 ವರ್ಷಗಳಾಗಿದ್ದವು. ಅಷ್ಟೇ ಅಲ್ಲ, ಬೆಳಕಿನ ವೇಗವು ಭೂಮಿಯ ವೇಗದ 10,210 ಪಟ್ಟು ಎಂದೂ, ಸೂರ್ಯನಿಂದ ನಮ್ಮನ್ನು ತಲಪಲು ಬೆಳಕಿಗೆ 8 ನಿಮಿಷ 12 ಸೆಕೆಂಡು ಬೇಕೆಂದೂ ಆತನು ಗಣಿಸಿದನು. ಇಂದಿನ ಬೆಲೆ 8 ನಿಮಿಷ 19 ಸೆಕೆಂಡು. ಮನೆಯ ಮಾಡಿನ ಒಂದು ಕಿಂಡಿಯಿಂದ ದೊರೆತ ಈ ಫಲಿತಾಂಶದ ತಪ್ಪು ನೂರಕ್ಕೆ ಒಂದೂವರೆಯೂ ಇಲ್ಲ!

ಹುಡುಕಹೊರಟ ಲಂಬನ ಮಾತ್ರ ಸಿಕ್ಕಲಿಲ್ಲ. ಅದು ಒಂದು ವಿಕಲೆಯಷ್ಟಿದ್ದರೂ ತನಗೆ ಕಾಣುತ್ತಿತ್ತು. ಆದ್ದರಿಂದ ಈ ನಕ್ಷತ್ರ ಸೂರ್ಯನಿಗಿಂತ ಕಡೆಯ ಪಕ್ಷ ನಾಲ್ಕು ಲಕ್ಷ ಪಟ್ಟು ದೂರದಲ್ಲಿರಬೇಕು ಎಂದು ಬ್ರಾಡ್ಲಿ ಬರೆದನು. ಅದು ಸುಮಾರು 97 ಲಕ್ಷ ಪಟ್ಟು, ಎಂದರೆ 154 ಜ್ಯೋತಿರ್ವರ್ಷ, ದೂರದಲ್ಲಿದೆಯೆಂದು ಈಗ ತಿಳಿದಿದೆ. ಯಾವುದೇ ನಕ್ಷತ್ರದ ಲಂಬನವನ್ನು ನಂಬಲರ್ಹವಾಗಿ ಅಳೆದದ್ದು 1838ರಲ್ಲಿ, ಜರ್ಮನಿಯ ಬೆಸೆಲ್.

ವಾನ್‌ಸ್ಟೆಡ್ಡಿನ ಉಪಕರಣದ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ವಿಪಥನದ ಲೆಕ್ಕವನ್ನು ಕಳೆದ ಮೇಲೆಯೂ ಕೆಲವು ವಿಕಲೆಗಳ ವ್ಯತ್ಯಾಸ ಉಳಿಯುತ್ತಿತ್ತು. 1732ರಲ್ಲಿ ಬ್ರಾಡ್ಲಿ ಅತ್ತೆಯೊಡನೆ ಆಕ್ಸ್‌ಫರ್ಡಿಗೆ ಹೋಗಿ ನೆಲಸಿದರೂ ದೂರದರ್ಶಕವನ್ನು ಅಲುಗಿಸಲಿಲ್ಲ; ತಾನೇ ವಾನ್‌ಸ್ಟೆಡ್‌ಗೆ ಬಂದುಹೋಗುತ್ತಿದ್ದನು. 1747ರವರೆಗೆ, ಇಪ್ಪತ್ತು ವರ್ಷ! ಚಂದ್ರನ ಕಕ್ಷೆಯ ಪಾತಬಿಂದುಗಳು ಒಂದು ಸುತ್ತು ಬರುವುದಕ್ಕೆ 18.6 ವರ್ಷ ಬೇಕು. ಚಂದ್ರನ ಸೆಳೆತದಿಂದ ಭೂಮಿಯ ಅಕ್ಷವೂ ಅದೇ ಅವಧಿಯಲ್ಲಿ ಸುಮಾರು 9 ವಿಕಲೆಗಳಷ್ಟು ತಲೆದೂಗುತ್ತದೆಂಬುದನ್ನು ಒಂದು ಪೂರ್ಣ ಸುತ್ತು ಕಾದು ನೋಡಿ, 1748ರಲ್ಲಿ ಪ್ರಕಟಿಸಿದನು. ಆ ವೇಳೆಗೆ ಆತನು ರಾಜಖಗೋಳಜ್ಞನಾಗಿದ್ದನು. ಮರುವರ್ಷ ದೂರದರ್ಶಕ ಗ್ರೀನಿಚ್‌ಗೆ ಹೋಯಿತು. ಅಲ್ಲಿ ಇಂದಿಗೂ ಉಳಿದಿದೆ.

ಮೂವತ್ತೆರಡು ದಿನಗಳ ಹರಾಜು

ಇನ್ನು ಮಹಲಿನ ಗತಿ. ಚೈಲ್ಡ್ ವಂಶದ ಆಸ್ತಿ ಕೈಯಿಂದ ಕೈಗೆ ಬಂದು 1805ರಲ್ಲಿ ಕ್ಯಾಥರೀನ್ ಟೈಲ್ನಿ ಲಾಂಗ್ ಎಂಬ ತರುಣಿಗೆ ಸೇರಿತು. ತಮ್ಮನು ಬಾಲ್ಯದಲ್ಲೇ ತೀರಿಕೊಂಡು, ಆಕೆ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಕನ್ಯೆಯೆಂದು ಹೆಸರಾದಳು. 1812ರಲ್ಲಿ ಆಕೆಯನ್ನು ವಿವಾಹವಾದವನು ವಿಲಿಯಂ ವೆಲ್ಲೆಸ್ಲಿ ಪೋಲ್. ಟಿಪ್ಪು ಸುಲ್ತಾನನು ಮಡಿದ 1799ರ ಶ್ರೀರಂಗಪಟ್ಟಣದ ಯುದ್ಧಕಾಲದಲ್ಲಿ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿ ಈತನ ದೊಡ್ಡಪ್ಪ. ಅದೇ ಮುತ್ತಿಗೆಯಲ್ಲಿದ್ದು ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿ ಚಿಕ್ಕಪ್ಪ. ಹೆಂಡತಿಯ ಐಶ್ವರ್ಯವನ್ನು ಈತನು ಹತ್ತು ವರ್ಷಗಳಲ್ಲಿ ಕರಗಿಸಿದನು. 1822ರಲ್ಲಿ ಸಾಲಗಾರರಿಗೆ ಹೆದರಿ ದೇಶ ಬಿಟ್ಟನು. ಆ ಬೇಸಗೆಯಲ್ಲಿ ಮಹಲಿನ ಸಾಮಾನುಗಳ ಹರಾಜು 32 ದಿನ ನಡೆಯಿತು. ಬಳಿಕ ಕಲ್ಲು, ಮರ, ಸೀಸಗಳ ಬೆಲೆಗೆ ಮಹಲನ್ನೇ ಮಾರಿದರು. 1825ರ ಹೊತ್ತಿಗೆ ಅಲ್ಲಿ ಉಳಿದದ್ದು ಅಡಿಪಾಯದ ಗುಂಡಿ. ಕ್ಯಾಥರೀನಳೂ ಅದೇ ವರ್ಷ ತೀರಿಕೊಂಡಳು. ಆಕೆಗೆ ಆಗ 35 ವರ್ಷ.

ಮಹಲು ಹೋದರೂ ಭೂಮಿ ಉಳಿದಿತ್ತು. ಸುತ್ತಲಿನ ಬಯಲುಗಳಿಗೆ ಬೇಲಿ ಹಾಕಿ ಮನೆ ಕಟ್ಟಲು ಮಾರುವ ಪ್ರಯತ್ನ ನಡೆದಾಗ ಜನ ಸುಮ್ಮನಿರಲಿಲ್ಲ. 1871ರ ಜುಲೈನಲ್ಲಿ ವಾನ್‌ಸ್ಟೆಡ್ ಬಯಲಿನಲ್ಲಿ ಸಾವಿರಾರು ಜನ ನೆರೆದು ಬೇಲಿಗಳನ್ನು ಮುರಿದರು. ನ್ಯಾಯಾಲಯದಲ್ಲಿ ಅವರ ಪರವಾಗಿ ನಿಂತದ್ದು ಲಂಡನ್ ನಗರಸಭೆ. ಅದಕ್ಕೆ ಆ ಹಕ್ಕು ಬಂದ ಬಗೆ ವಿನೋದಕರವಾಗಿದೆ. ಸ್ಮಶಾನಕ್ಕಾಗಿ ನಗರಸಭೆಯು 1850ರ ದಶಕದಲ್ಲಿ ಇದೇ ಎಸ್ಟೇಟಿನಿಂದ ಒಂದು ಹೊಲವನ್ನು ಕೊಂಡಿತ್ತು. ಆ ಹೊಲದ ಜೊತೆಗೆ ಅರಣ್ಯದಲ್ಲಿ ದನ ಮೇಯಿಸುವ ಹಕ್ಕೂ ಬಂದಿತ್ತು. ಬೇಲಿ ಹಾಕಿದರೆ ತನ್ನ ದನಗಳಿಗೆ ಮೇವಿಲ್ಲವಾಗುತ್ತದೆಂದು ವಾದಿಸಿ 1874ರಲ್ಲಿ ಅದು ಗೆದ್ದಿತು. 1878ರ ಶಾಸನದಿಂದ ಎಪ್ಪಿಂಗ್ ಅರಣ್ಯ ಸಾರ್ವಜನಿಕರದಾಯಿತು. 1880ರಲ್ಲಿ ಮಹಲಿನ ಉದ್ಯಾನದ 184 ಎಕರೆಯನ್ನು ನಗರಸಭೆಯೇ ಕೊಂಡು 1882ರಲ್ಲಿ ಜನರಿಗೆ ತೆರೆಯಿತು. ಉಳಿದ ಜಮೀನಿನ ಮೇಲೆ ಮನೆಗಳೆದ್ದವು. ರೈಲು 1856ರಲ್ಲಿಯೇ ಹತ್ತಿರಕ್ಕೆ ಬಂದಿತ್ತು. ನೆಲದಡಿಯ ರೈಲು 1947ರಲ್ಲಿ. ಅದಕ್ಕಾಗಿ ತೋಡಿದ್ದ ಸುರಂಗದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ವಿಮಾನದ ಬಿಡಿಭಾಗಗಳ ಕಾರ್ಖಾನೆ ನಡೆಯುತ್ತಿತ್ತು.

ಕ್ಯೂ ಹಳ್ಳಿಯ ಮನೆಯೂ 1802ರಲ್ಲಿ ನೆಲಸಮವಾಯಿತು. ನಾಲ್ಕನೆಯ ವಿಲಿಯಂ ದೊರೆಯ ಅಪ್ಪಣೆಯಂತೆ ಅಲ್ಲಿ ಬ್ರಾಡ್ಲಿಯ ನೆನಪಿಗೆ ಒಂದು ಸೂರ್ಯಗಡಿಯಾರವನ್ನು ಇಟ್ಟಿದ್ದಾರೆ.

ನಮ್ಮ ನಾಡಿಗೂ ಈ ಶೋಧಕ್ಕೂ ಒಂದು ನಂಟು ಇದೆ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಆರ್ಥರ್ ವೆಲ್ಲೆಸ್ಲಿಯ ದಳದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು 1800ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು ಅಳೆದನು. ಭಾರತದ ಮಹಾ ತ್ರಿಕೋನಮಿತಿ ಮೋಜಣಿಗೆ ಅದೇ ಪೂರ್ವಸಿದ್ಧತೆ. ಅಕ್ಷಾಂಶವನ್ನು ತಿಳಿಯಲು ಆತನ ಬಳಿ ಇದ್ದದ್ದು ನೆತ್ತಿಯ ನಕ್ಷತ್ರಗಳನ್ನೇ ನೋಡುವ, ವಾನ್‌ಸ್ಟೆಡ್ಡಿನ ಉಪಕರಣದ ಜಾತಿಯ, ಐದು ಅಡಿಯ ಒಂದು ದೂರದರ್ಶಕ. ನೋಡಿದ ಪ್ರತಿ ನಕ್ಷತ್ರದ ಸ್ಥಾನವನ್ನೂ ಬ್ರಾಡ್ಲಿಯ ವಿಪಥನಕ್ಕೆ ತಿದ್ದಿಕೊಳ್ಳಬೇಕಾಗಿತ್ತು. ಇಲ್ಲದಿದ್ದರೆ 20 ವಿಕಲೆಗಳ ತಪ್ಪು ನೆಲದ ಮೇಲೆ 600 ಮೀಟರುಗಳಿಗೂ ಮಿಗಿಲಾಗುತ್ತಿತ್ತು.

ಆ ಗ್ಯಾಮಾ ನಕ್ಷತ್ರವನ್ನು ನಾವೂ ನೋಡಬಹುದು. ಲಂಡನ್ನಿನಲ್ಲಿ ನೆತ್ತಿಯ ಮೇಲಿರುವ ಅದು ಬೆಂಗಳೂರಿನಲ್ಲಿ ಉತ್ತರ ದಿಕ್ಕಿನಲ್ಲಿ, ದಿಗಂತಕ್ಕೂ ನೆತ್ತಿಗೂ ನಡುವಿಗಿಂತ ಸ್ವಲ್ಪ ಮೇಲೆ ಹಾಯುತ್ತದೆ. ಆಗಸ್ಟಿನ ಮೊದಲ ವಾರದಲ್ಲಿ ರಾತ್ರಿ ಒಂಬತ್ತರ ಬಳಿಕ, ಮೋಡವಿಲ್ಲದಿದ್ದರೆ, ಉತ್ತರಕ್ಕೆ ಮುಖ ಮಾಡಿ ನಿಂತು, ಪ್ರಕಾಶಮಾನವಾದ ಅಭಿಜಿತ್ ನಕ್ಷತ್ರವನ್ನು ಮೊದಲು ಗುರುತಿಸಬೇಕು. ಅದರ ಕೆಳಗೆ, ತುಸು ಎಡಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ದೂರದಲ್ಲಿ ಕೆಂಪು ಹಳದಿ ಛಾಯೆಯ ನಕ್ಷತ್ರವೊಂದು ಕಾಣುತ್ತದೆ, ಅದೇ ಇದು. ಆ ದಿನಗಳಲ್ಲಿ ಅದು ತನ್ನ ನಡುಸ್ಥಾನದಿಂದ ಉತ್ತರಕ್ಕೆ ಸರಿಯುತ್ತಿರುತ್ತದೆ, ಸೆಪ್ಟೆಂಬರಿನಲ್ಲಿ ಕೊನೆ ಮುಟ್ಟಿ ಹಿಂದಿರುಗುತ್ತದೆ.